ಅಕ್ಷರಭೇದ ಗಣಿಸದ ಕಡತ ವ್ಯವಸ್ಥೆಗಳಲ್ಲಿ ಮರುನಾಮಕರಣ

ಅಕ್ಷರಭೇದ ಗಣಿಸದ ಕಡತ ವ್ಯವಸ್ಥೆ ಎಂದರೆ ಕಡತದ ಹೆಸರಿನಲ್ಲಿರುವ ರೋಮನ್ ಲಿಪಿಯ ದೊಡ್ಡ ಮತ್ತು ಸಣ್ಣ ಅಕ್ಷರಗಳನ್ನು ಒಂದೇ ಎಂದು ಪರಿಗಣಿಸುವ ವ್ಯವಸ್ಥೆ. ಇಂತಹ ವ್ಯವಸ್ಥೆಯಲ್ಲಿ ಕಡತದ ಹೆಸರನ್ನು ಬದಲಿಸುವಾಗ ಕೆಲಸ ವಿಫಲವಾಗುವ ಅಥವಾ ಮಾಹಿತಿ ಅಳಿಸಿಹೋಗುವ ಸಂಭವವಿದೆ. ಕನ್ನಡ ಲಿಪಿಯಲ್ಲಿ ದೊಡ್ಡ-ಸಣ್ಣ ಅಕ್ಷರಗಳ ಭೇದವಿಲ್ಲ. ಆದರೂ ಕನ್ನಡ ಪದಗಳನ್ನು ರೋಮನ್ ಲಿಪಿಯಲ್ಲಿ ಬರೆದು ಕಡತಗಳಿಗೆ ಹೆಸರಿಡುವವರಿಗೆ ಈ ತೊಂದರೆ ಎದುರಾಗುತ್ತದೆ.

ಹಿನ್ನೆಲೆ

ಯುನಿಕ್ಸ್ ಮತ್ತು ಲಿನಕ್ಸ್ ವ್ಯವಸ್ಥೆಗಳು ಸಾಮಾನ್ಯವಾಗಿ ಅಕ್ಷರಭೇದವನ್ನು ಗಣಿಸುತ್ತವೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಮತ್ತು ಆಪಲ್ ಸಂಸ್ಥೆಯು 2017ರಲ್ಲಿ ಬಳಕೆಗೆ ತಂದ ಎಪಿಎಫ್‌ಎಸ್ ವ್ಯವಸ್ಥೆಗಳು ಹೆಸರನ್ನು ಬರೆದಂತೆಯೇ ಉಳಿಸಿಕೊಂಡರೂ, ಮ್ಯಾಕ್ ಮತ್ತು ವಿಂಡೋಸ್ ಗಣಕಗಳ ಸಹಜ ಸ್ಥಿತಿಯಲ್ಲಿ ಹುಡುಕುವಾಗ ಭೇದವನ್ನು ಗಣಿಸುವುದಿಲ್ಲ. ಪೆನ್‌ಡ್ರೈವ್‌ಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್ ವ್ಯವಸ್ಥೆಯೂ ಇದೇ ಬಗೆಯದು.

ಕನ್ನಡದ ಸಂದರ್ಭ

ಶೇಷಾದ್ರಿವಾಸು ಚಂದ್ರಶೇಖರನ್ ಅವರು ರೂಪಿಸಿ 1998ರಲ್ಲಿ ಬಿಡುಗಡೆ ಮಾಡಿದ 'ಬರಹ' ತಂತ್ರಾಂಶದ ಲಿಪ್ಯಂತರ ಪದ್ಧತಿಯಲ್ಲಿ ಸಣ್ಣ 'ಎಲ್' ಲಕಾರವನ್ನೂ ದೊಡ್ಡ 'ಎಲ್' ಳಕಾರವನ್ನೂ ಸೂಚಿಸುತ್ತದೆ. ನ-ಣ, ತ-ಟ, ದ-ಡ ಜೋಡಿಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಹೀಗಾಗಿ 'ಬೆಲೆ' ಮತ್ತು 'ಬೆಳೆ', 'ಹಾಲು' ಮತ್ತು 'ಹಾಳು' ಪದಗಳ ನಡುವಿನ ವ್ಯತ್ಯಾಸ ಒಂದು ಅಕ್ಷರದ ಗಾತ್ರ ಮಾತ್ರ. ಉದಾಹರಣೆಗೆ, ದಾವಣಗೆರೆ ಜಿಲ್ಲೆಯ ಮೆಕ್ಕೆಜೋಳದ ಬೆಲೆ ಮತ್ತು ಬೆಳೆಯ ವಿವರಗಳನ್ನು ಈ ಹೆಸರುಗಳಲ್ಲಿ ಲಿನಕ್ಸ್ ಗಣಕದಲ್ಲಿ ಇರಿಸಿದರೆ ಅವು ಎರಡು ಕಡತಗಳಾಗಿ ಉಳಿಯುತ್ತವೆ. ಅವನ್ನೇ ಪೆನ್‌ಡ್ರೈವ್‌ಗೆ ನಕಲಿಸಿದಾಗ ಎರಡನೆಯದು ಮೊದಲನೆಯದರ ಸ್ಥಾನವನ್ನು ಆಕ್ರಮಿಸಬಹುದು.

ಮರುನಾಮಕರಣದ ತೊಂದರೆಗಳು

ಹೆಸರಿನ ಅಕ್ಷರದ ಗಾತ್ರವನ್ನಷ್ಟೇ ಬದಲಿಸಲು ಹೊರಟಾಗ, ಹೊಸ ಹೆಸರಿನ ಕಡತ ಈಗಾಗಲೇ ಇದೆಯೇ ಎಂದು ಕೆಲವು ತಂತ್ರಾಂಶಗಳು ಪರಿಶೀಲಿಸುತ್ತವೆ. ಆಗ ಹಳೆಯ ಕಡತವೇ ಎದುರಾಗುವುದರಿಂದ ಕೋರಿಕೆ ತಿರಸ್ಕೃತವಾಗುತ್ತದೆ. 'ಇರುವ' ಕಡತವನ್ನು ಮೊದಲು ಅಳಿಸಿ ಬಳಿಕ ಹೆಸರು ಬದಲಿಸುವಂತೆ ಬರೆದ ತಂತ್ರಾಂಶವು ಮೂಲ ಕಡತವನ್ನೇ ಕಳೆದುಬಿಡುತ್ತದೆ. ವಿಂಡೋಸ್‌ನಲ್ಲಿ ಸರಿಯಾಗಿ ಕಾಣುವ ಜಾಲಪುಟದ ಚಿತ್ರಗಳು ಲಿನಕ್ಸ್ ಸರ್ವರ್‌ಗೆ ಹೋದೊಡನೆ ಕಾಣದಾಗುವುದಕ್ಕೂ ಕಡತದ ಹೆಸರು ಮತ್ತು ಕೊಂಡಿಯ ನಡುವಿನ ಅಕ್ಷರಭೇದ ಕಾರಣವಾಗಬಹುದು.

ಈ ದೋಷವು ಭದ್ರತೆಗೂ ಸಂಬಂಧಿಸಿದ್ದು. ಗಿಟ್ ತಂತ್ರಾಂಶವು ತನ್ನ ಆಂತರಿಕ ಕಡತಕೋಶದ ಹೆಸರನ್ನು ಸಣ್ಣ ಅಕ್ಷರಗಳ ರೂಪದಲ್ಲಿ ಮಾತ್ರ ಕಾಯುತ್ತಿತ್ತು. ದೊಡ್ಡ ಅಕ್ಷರ ಬೆರೆಸಿದ ಹೆಸರಿನ ಮೂಲಕ ಆ ಕೋಶದೊಳಗೆ ಬರೆದು, ಬಳಕೆದಾರರ ಗಣಕದಲ್ಲಿ ಹಾನಿಕರ ಆದೇಶಗಳನ್ನು ನಡೆಸಲು ಸಾಧ್ಯವಿದ್ದುದು 2014ರ ಡಿಸೆಂಬರ್‌ನಲ್ಲಿ ಬಹಿರಂಗವಾಯಿತು. ಕೂಡಲೇ ಪರಿಷ್ಕೃತ ಆವೃತ್ತಿಗಳು ಹೊರಬಂದವು.

ಪರಿಹಾರಗಳು

ಕಡತಕ್ಕೆ ಮೊದಲು ತೀರ ಬೇರೆಯಾದ ತಾತ್ಕಾಲಿಕ ಹೆಸರಿಟ್ಟು, ಅನಂತರ ಬೇಕಾದ ಹೆಸರನ್ನು ಕೊಡುವುದು ಸುರಕ್ಷಿತ ಕ್ರಮ. 2018ರಿಂದ ವಿಂಡೋಸ್ 10ರಲ್ಲಿ ನಿರ್ದಿಷ್ಟ ಕಡತಕೋಶಗಳಿಗೆ ಅಕ್ಷರಭೇದ ಗಣಿಸುವ ಗುಣವನ್ನು ನೀಡಬಹುದಾಗಿದೆ. ರೋಮನ್ ಹೆಸರುಗಳನ್ನು ಸಣ್ಣ ಅಕ್ಷರಗಳಲ್ಲೇ ಬರೆಯುವ ರೂಢಿಯಿಂದ ಬಹುಪಾಲು ತೊಡಕು ತಪ್ಪುತ್ತದೆ. ಆದರೆ 'ಬೆಲೆ' ಮತ್ತು 'ಬೆಳೆ'ಯಂತಹ ಹೆಸರುಗಳಿಗೆ ಆಗ ಹೆಚ್ಚಿನ ಪದವೊಂದನ್ನು ಸೇರಿಸಬೇಕಾಗುತ್ತದೆ. ಯುನಿಕೋಡ್‌ನಲ್ಲಿ ಲ ಮತ್ತು ಳ ಅಕ್ಷರಗಳಿಗೆ ಪ್ರತ್ಯೇಕ ಸಂಕೇತಗಳಿರುವುದರಿಂದ, ಕನ್ನಡ ಲಿಪಿಯಲ್ಲೇ ಹೆಸರಿಟ್ಟರೆ ಈ ಗೊಂದಲಕ್ಕೆ ಎಡೆಯಿರುವುದಿಲ್ಲ.