ಸೊಲ್ಲಾಪುರ–ಅಕ್ಕಲಕೋಟೆಯ ಕನ್ನಡಿಗರು: ಬದುಕು, ಭಕ್ತಿ, ಬೇಡಿಕೆ

ಕಾಸರಗೋಡಿನವರಾದ ನಮಗೆ ಸೊಲ್ಲಾಪುರ ದೂರದ ಊರು. ಆದರೂ ಎರಡು ನಾಡುಗಳ ಹಣೆಬರಹ ಬರೆದ ದಿನ ಒಂದೇ, 1956ರ ನವೆಂಬರ್ 1. ಅಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಅತ್ತ ವಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಸೊಲ್ಲಾಪುರ ಜಿಲ್ಲೆ ಮಾತ್ರ ಮುಂಬಯಿ ರಾಜ್ಯದಲ್ಲೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು.

ಸೊಲ್ಲಾಪುರದ ಕನ್ನಡ ಈ ಗಡಿರೇಖೆಗಳಿಗಿಂತ ಎಷ್ಟೋ ಹಳೆಯದು. ಇದೇ ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮನ ಸೊನ್ನಲಿಗೆ. ಆತ ಇಲ್ಲಿ ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ, ಕನ್ನಡದಲ್ಲಿ ವಚನ ಬರೆದ. ಹಂಪೆಯ ರಾಘವಾಂಕ ಆತನ ಬಾಳನ್ನೇ 'ಸಿದ್ಧರಾಮ ಚಾರಿತ್ರ' ಎಂಬ ಕಾವ್ಯವಾಗಿಸಿದ. ಸಿದ್ಧೇಶ್ವರನ ಗುಡಿ ಇಂದಿಗೂ ಕೆರೆಯ ನಡುವೆ ನಿಂತಿದೆ.

ಮಕರ ಸಂಕ್ರಾಂತಿಗೆ ನಡೆಯುವ ಜಾತ್ರೆ ಈ ಜನರ ನಂಬಿಕೆಯ ಕೇಂದ್ರ. ಕುಂಬಾರರ ಕನ್ಯೆಯೊಬ್ಬಳು ಸಿದ್ಧರಾಮನನ್ನೇ ವರಿಸುವೆನೆಂದಾಗ, ತನ್ನ ಯೋಗದಂಡವನ್ನು ಮದುವೆಯಾಗೆಂದು ಆತ ಹೇಳಿದನಂತೆ. ಆ ಮದುವೆಯ ನೆನಪಿಗಾಗಿ ಏಳು ನಂದಿಧ್ವಜಗಳು ಮೆರವಣಿಗೆ ಹೊರಡುತ್ತವೆ, ಊರ ಸುತ್ತಲಿನ ಅರವತ್ತೆಂಟು ಲಿಂಗಗಳ ದರ್ಶನವಾಗುತ್ತದೆ. ಸಮ್ಮತಿ ಕಟ್ಟೆಯ ಬಳಿ ನೆರೆದ ಜನ ಅಕ್ಷತೆ ಹಾಕುತ್ತಾರೆ. ಕನ್ನಡ, ಮರಾಠಿ, ತೆಲುಗು ಮನೆಮಾತಿನವರು ಅಲ್ಲಿ ಒಂದೇ ಮದುವೆಯ ಬೀಗರು.

ಭೀಮಾ ತೀರದ ಈ ಸೀಮೆ ಮಳೆಯನ್ನು ನೆಚ್ಚಿ ಬದುಕುವಂಥದು. ಬಿಳಿಜೋಳದ ರೊಟ್ಟಿ, ಶೇಂಗಾ ಚಟ್ನಿ ಇಲ್ಲಿಯ ಊಟ. 1972ರ ಬರದಲ್ಲಿ ಈ ಜಿಲ್ಲೆ ತುಂಬ ನರಳಿತು. ಹೊಲ ಕೈಕೊಟ್ಟವರಿಗೆ ಹಿಂದಿನಿಂದಲೂ ಸೊಲ್ಲಾಪುರದ ಬಟ್ಟೆ ಗಿರಣಿ, ಮಗ್ಗಗಳು ಆಸರೆಯಾಗಿದ್ದವು. ದೊಡ್ಡ ಗಿರಣಿಗಳು ಮುಚ್ಚಿದ ಮೇಲೆ ಆ ಆಸರೆಯೂ ಸಡಿಲವಾಯಿತು. ಅಕ್ಕಲಕೋಟೆ 1948ರವರೆಗೆ ಭೋಸಲೆ ಮನೆತನದ ಸಂಸ್ಥಾನ. ದರಬಾರು ಮರಾಠಿಯದಾದರೂ ಮೈಂದರಗಿ, ದುಧನಿಯಂಥ ಊರುಗಳ ಸಂತೆ, ಹೊಲಗಳಲ್ಲಿ ಕೇಳುವ ಮಾತು ಕನ್ನಡವೇ.

ಹಾಗಿದ್ದರೆ ಕೊರತೆ ಯಾವುದು? ಆಡುವ ಕನ್ನಡಕ್ಕೆ ಇಲ್ಲಿ ಬರವಿಲ್ಲ, ಬರವಿರುವುದು ಬರೆಯುವ ಕನ್ನಡಕ್ಕೆ. ಜಯದೇವಿತಾಯಿ ಲಿಗಾಡೆಯವರ ಬಾಳೇ ಇದಕ್ಕೆ ಸಾಕ್ಷಿ. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಅವರು ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡದ ಅಕ್ಷರವನ್ನು ಸ್ವಂತ ಛಲದಿಂದ ಒಲಿಸಿಕೊಂಡರು. ತ್ರಿಪದಿಯಲ್ಲಿ ಸಿದ್ಧರಾಮನ ಪುರಾಣ ಬರೆದರು, ವಚನಗಳನ್ನು ಮರಾಠಿಗೂ ಕೊಟ್ಟರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಪೀಠವೇರಿದ ಮೊದಲ ಮಹಿಳೆ ಅವರೇ. ಅದಕ್ಕೂ ಮೊದಲು, 1950ರಲ್ಲಿ ಸಮ್ಮೇಳನ ಸೊಲ್ಲಾಪುರದಲ್ಲೇ ನಡೆದಿತ್ತು. ಮರುವರ್ಷ ಮುಂಬಯಿಯಲ್ಲಿ ಅಧ್ಯಕ್ಷರಾದವರು ನಮ್ಮ ಮಂಜೇಶ್ವರದ ಗೋವಿಂದ ಪೈಗಳು.

ಆದರೆ ಎಲ್ಲ ಮಕ್ಕಳಿಗೂ ತಾಯಿಯವರ ಛಲವಿರಬೇಕೆಂದು ಬಯಸುವುದು ನ್ಯಾಯವಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಲ್ಲೇ ಹೇಳಿದೆ. ಅಕ್ಕಲಕೋಟೆ ತಾಲೂಕಿನಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ, ಪುಣೆಯ ಬಾಲಭಾರತಿ ಕನ್ನಡ ಪಠ್ಯಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಇದು ಮೆಚ್ಚಬೇಕಾದ ಮಾತು. ಕಷ್ಟ ಮೊದಲಾಗುವುದು ಶಾಲೆ ಮುಗಿದ ಮೇಲೆ. ಕಚೇರಿಯ ಅರ್ಜಿ, ನೌಕರಿಯ ಪರೀಕ್ಷೆ ಎಲ್ಲವೂ ಮರಾಠಿಯಲ್ಲಿ. ಕನ್ನಡ ಕಲಿತದ್ದು ಮಗುವಿಗೆ ಅಡ್ಡಿಯಾದೀತೆಂಬ ಹೆದರಿಕೆ ತಂದೆತಾಯಿಗಳನ್ನು ಬೇರೆ ಶಾಲೆಯತ್ತ ತಿರುಗಿಸುತ್ತದೆ. ಈ ಹೆದರಿಕೆ ಕಾಸರಗೋಡಿನ ಮನೆಗಳಿಗೆ ಹೊಸದೇನಲ್ಲ.

1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರದ ಕಾಸರಗೋಡನ್ನೂ, ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರಗಳನ್ನೂ ಮೈಸೂರಿಗೆ ಸೇರಿಸಬೇಕೆಂದಿತು. ವರದಿ ಜಾರಿಗೆ ಬರಲಿಲ್ಲ. 2022ರ ಕೊನೆಯಲ್ಲಿ ಅಕ್ಕಲಕೋಟೆಯ ಕೆಲವು ಗ್ರಾಮಗಳು ಕರ್ನಾಟಕಕ್ಕೆ ಸೇರುವ ಮಾತೆತ್ತಿದಾಗಲೂ ಮುಂದಿಟ್ಟದ್ದು ರಸ್ತೆ, ನೀರಿನಂಥ ದಿನನಿತ್ಯದ ಕೊರತೆಗಳನ್ನು.

ಗಡಿಯ ತೀರ್ಪು ಯಾವಾಗ ಬರುವುದೋ ಬರಲಿ. ಮಗುವಿನ ಬಾಲ್ಯ ಅದಕ್ಕಾಗಿ ಕಾಯುವುದಿಲ್ಲ. ಎಂಟುನೂರು ವರ್ಷ ಜಾತ್ರೆ ಕಾಪಾಡಿಕೊಂಡು ಬಂದ ನುಡಿಗೆ ಈಗ ಬೇಕಾದದ್ದು ಕನ್ನಡ ಬಲ್ಲ ಮೇಷ್ಟ್ರು, ಕನ್ನಡದಲ್ಲೊಂದು ಅರ್ಜಿ, ಕನ್ನಡ ಓದಿದವನಿಗೊಂದು ಕೆಲಸ. ನಾವು ಕೇಳುತ್ತಿರುವುದೂ ಇಷ್ಟನ್ನೇ.