ಅಮೈನೋ ಆಮ್ಲದ ಆವರಣ: ವೈರಸ್ ನಿರೋಧಕ ಪೂರ್ವೌಷಧಗಳ ಚರಿತ್ರೆ ಮತ್ತು ತುಮಕೂರು ಸೀಮೆ

ತುಮಕೂರು ಜಿಲ್ಲೆಯಲ್ಲಿ ಕೋವಿಡ್ ಸೋಂಕಿನ ಮೊದಲ ಸಾವು ಸಂಭವಿಸಿದ್ದು 2020ರ ಮಾರ್ಚ್ 27ರಂದು. ಮೃತರು ಶಿರಾದ ಹಿರಿಯರೊಬ್ಬರು. ಆ ದಿನಗಳಲ್ಲಿ ಈ ರೋಗಕ್ಕೆಂದೇ ಭಾರತದಲ್ಲಿ ಅಂಗೀಕೃತವಾಗಿದ್ದ ವೈರಸ್ ನಿರೋಧಕ ಔಷಧ ಯಾವುದೂ ಇರಲಿಲ್ಲ. ಮರುವರ್ಷದ ಏಪ್ರಿಲ್–ಮೇ ತಿಂಗಳುಗಳ ಎರಡನೆಯ ಅಲೆಯ ವೇಳೆಗೆ ಪರಿಸ್ಥಿತಿ ಬೇರೆಯಾಗಿತ್ತು. ರೆಮ್‌ಡೆಸಿವಿರ್ ಎಂಬ ಹೆಸರು ರಾಜ್ಯದ ಉಳಿದೆಡೆಗಳಂತೆ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಜನರ ಬಾಯಲ್ಲೂ ನೆಲೆಗೊಂಡಿತು. ರೋಗಿಗಳ ಬಂಧುಗಳು ಅದರ ಸೀಸೆಗಾಗಿ ಊರಿಂದೂರಿಗೆ ಅಲೆದರು. ಹಾಗೆ ಅಲೆದವರಲ್ಲಿ ಬಹುಮಂದಿಗೆ ತಿಳಿಯದಿದ್ದ ಸಂಗತಿಯೆಂದರೆ, ಸೀಸೆಯಲ್ಲಿದ್ದ ವಸ್ತು ಇದ್ದ ರೂಪದಲ್ಲಿಯೇ ವೈರಸ್ಸನ್ನು ತಡೆಯುವ ಔಷಧವಾಗಿರಲಿಲ್ಲ ಎಂಬುದು. ಅದೊಂದು ಪೂರ್ವೌಷಧ. ದೇಹದೊಳಗೆ ತನ್ನ ಹೊದಿಕೆಯನ್ನು ಕಳಚಿದ ಮೇಲಷ್ಟೇ ಅದು ಔಷಧವಾಗುತ್ತದೆ. ಆ ಹೊದಿಕೆಯ ಮುಖ್ಯ ಎಳೆ ಅಲನೈನ್ ಎಂಬ ಸರಳ ಅಮೈನೋ ಆಮ್ಲ. ಔಷಧವು ಮಾತ್ರೆಯಾಗಬೇಕೆ, ಸೂಜಿಮದ್ದಾಗಬೇಕೆ, ತಾಲ್ಲೂಕು ಕೇಂದ್ರದ ರೋಗಿಗೆ ಅದು ಸುಲಭವಾಗಿ ಎಟುಕಬಲ್ಲುದೆ ಎಂಬ ಪ್ರಶ್ನೆಗಳಿಗೆ ಈ ಹೊದಿಕೆಯ ರಚನೆಯಲ್ಲಿಯೇ ಬಹುಪಾಲು ಉತ್ತರವಿದೆ.

ಪೂರ್ವೌಷಧದ ಪರಿಕಲ್ಪನೆಗೆ ಹೆಸರು ಕೊಟ್ಟವರು ಆಡ್ರಿಯನ್ ಆಲ್ಬರ್ಟ್, 1958ರಲ್ಲಿ. ವೈರಸ್ ನಿರೋಧಕಗಳ ಕ್ಷೇತ್ರದಲ್ಲಿ ಅದು ಫಲ ಕೊಟ್ಟದ್ದು ಅಸೈಕ್ಲೋವಿರ್‌ನ ತರುವಾಯ. ಬರೋಸ್ ವೆಲ್ಕಂ ಸಂಸ್ಥೆಯ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ರೂಪುಗೊಂಡ ಈ ಔಷಧ ಹರ್ಪಿಸ್ ವರ್ಗದ ವೈರಸ್‌ಗಳ ಮೇಲೆ ಪರಿಣಾಮಕಾರಿಯಾಗಿತ್ತು. ಅದರ ಸಂಶೋಧನೆಯಲ್ಲಿ ಪ್ರಮುಖರಾಗಿದ್ದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಬಾಯಿಯ ಮೂಲಕ ಸೇವಿಸಿದ ಅಸೈಕ್ಲೋವಿರ್‌ನಲ್ಲಿ ರಕ್ತವನ್ನು ಸೇರುತ್ತಿದ್ದುದು ಸುಮಾರು ಶೇಕಡ 15ರಿಂದ 20ರಷ್ಟು ಮಾತ್ರ, ಉಳಿದದ್ದು ವ್ಯರ್ಥ. ರೋಗಿಯು ದಿನಕ್ಕೆ ಐದು ಬಾರಿ ಮಾತ್ರೆ ನುಂಗಬೇಕಾಗಿತ್ತು.

ಇದಕ್ಕೆ ಪರಿಹಾರವಾಗಿ ಅದೇ ಸಂಸ್ಥೆಯ ರಸಾಯನಜ್ಞರು ಅಸೈಕ್ಲೋವಿರ್‌ಗೆ ಒಂದೊಂದಾಗಿ 18 ಅಮೈನೋ ಆಮ್ಲಗಳನ್ನು ಎಸ್ಟರ್ ಬಂಧದಿಂದ ಜೋಡಿಸಿ, ಇಲಿಗಳಲ್ಲಿ ಪರೀಕ್ಷಿಸಿ, 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲಕ್ಕಿಂತ ಮುಂದೆ ನಿಂತದ್ದು ಎಲ್-ವ್ಯಾಲೀನ್. ಅದರ ಕನ್ನಡಿ ಬಿಂಬವಾದ ಡಿ-ರೂಪವಾದರೋ ತೀರ ಹಿಂದೆ ಬಿದ್ದಿತು. ಕೇವಲ ಕರಗುವಿಕೆಯ ಪ್ರಶ್ನೆಯಾಗಿದ್ದರೆ ಎಡ–ಬಲಗಳ ಈ ಭೇದ ಇರಬೇಕಾಗಿರಲಿಲ್ಲ. ಕರುಳಿನ ಗೋಡೆಯಲ್ಲಿ ರೂಪವನ್ನು ಗುರುತಿಸಿ ಒಳಬಿಡುವ ಯಾವುದೋ ದ್ವಾರಪಾಲಕನಿದ್ದಾನೆ ಎಂಬುದರ ಸೂಚನೆ ಅದು. ಆಹಾರದ ಪ್ರೋಟೀನಿನಿಂದ ಬರುವ ಕಿರು ಪೆಪ್ಟೈಡುಗಳನ್ನು ಹೀರಿಕೊಳ್ಳುವ ಪೆಪ್ಟ್-1 ಎಂಬ ವಾಹಕ ಪ್ರೋಟೀನೇ ಆ ದ್ವಾರಪಾಲಕ ಎಂಬುದು ಖಚಿತವಾದದ್ದು 1998ರ ಸುಮಾರಿಗೆ. ಅಷ್ಟರಲ್ಲಿ ವ್ಯಾಲಸೈಕ್ಲೋವಿರ್ 1995ರಲ್ಲಿಯೇ ಅಮೆರಿಕದಲ್ಲಿ ಅಂಗೀಕಾರ ಪಡೆದಿತ್ತು. ಕಾರಣ ತಿಳಿಯುವ ಮೊದಲೇ ಕಾರ್ಯ ಸಾಧಿತವಾದ ಈ ಅನುಕ್ರಮವನ್ನು ಔಷಧ ವಿನ್ಯಾಸದ ಇತಿಹಾಸ ಬರೆಯುವವರು ಅನೇಕ ವೇಳೆ ತಿರುಗಿಸಿ ಹೇಳುತ್ತಾರೆ. ವ್ಯಾಲೀನ್ ಸೇರಿದ ಮೇಲೆ ಲಭ್ಯತೆ ಸುಮಾರು ಶೇಕಡ 54ಕ್ಕೆ ಏರಿತು.

ಈ ವ್ಯತ್ಯಾಸ ಇನ್ನೂ ಕಣ್ಣಿಗೆ ಹೊಡೆಯುವಂತೆ ಕಾಣುವುದು ಕುದುರೆಗಳಲ್ಲಿ. ಟಿಪ್ಪು ಸುಲ್ತಾನನ ಕಾಲದಿಂದ ಅಶ್ವಸಂವರ್ಧನೆಗೆ ಹೆಸರಾಗಿ, ಮುಂದೆ ಪಂದ್ಯದ ಕುದುರೆಗಳ ಸಾಕಣೆಯ ಕೇಂದ್ರವಾಗಿ ಬೆಳೆದ ಕುಣಿಗಲ್‌ನ ಮಟ್ಟಿಗೆ ಇದು ದೂರದ ವಿಷಯವಲ್ಲ. ಅಶ್ವ ಹರ್ಪಿಸ್ ವೈರಸ್ ಗಬ್ಬದ ಕುದುರೆಗಳಲ್ಲಿ ಗರ್ಭಪಾತವನ್ನೂ ಕೆಲವೊಮ್ಮೆ ನರದೌರ್ಬಲ್ಯವನ್ನೂ ಉಂಟುಮಾಡುತ್ತದೆ. ಅಶ್ವಸಂವರ್ಧನೆ ನಡೆಯುವಲ್ಲೆಲ್ಲ ಅದರ ಭಯವಿದೆ. ಕುದುರೆಗೆ ಬಾಯಿಯ ಮೂಲಕ ಕೊಟ್ಟ ಅಸೈಕ್ಲೋವಿರ್‌ನಲ್ಲಿ ರಕ್ತಕ್ಕೆ ಸೇರುವುದು ಶೇಕಡ 3ಕ್ಕಿಂತಲೂ ಕಡಿಮೆ ಎಂದು 2006ರ ಅಧ್ಯಯನವೊಂದು ತೋರಿಸಿತು. ವ್ಯಾಲಸೈಕ್ಲೋವಿರ್ ಕೊಟ್ಟಾಗ ಅದು ಶೇಕಡ 26ರಷ್ಟಾಯಿತೆಂದು 2007ರಲ್ಲಿ ವರದಿಯಾಯಿತು. ಔಷಧದ ತಿರುಳು ಒಂದೇ. ಭೇದವೆಲ್ಲ ಒಂದು ಅಮೈನೋ ಆಮ್ಲದ್ದು.

ವ್ಯಾಲೀನ್ ಔಷಧವನ್ನು ಕರುಳು ದಾಟಿಸಿ ತನ್ನ ಕೆಲಸ ಮುಗಿಸುತ್ತದೆ. ಅಲನೈನ್‌ನ ಕೆಲಸ ಇದಕ್ಕಿಂತ ಸೂಕ್ಷ್ಮ. ವೈರಸ್ಸಿನ ನಕಲು ಯಂತ್ರವನ್ನು ಕೆಡಿಸಬೇಕಾದ ನ್ಯೂಕ್ಲಿಯೋಸೈಡ್ ಸದೃಶ ಅಣುಗಳಿಗೆ ಜೀವಕೋಶದೊಳಗೆ ಮೂರು ಫಾಸ್ಫೇಟುಗಳು ಸೇರಬೇಕು. ಮೊದಲನೆಯದು ಸೇರುವುದೇ ಹಲವು ವೇಳೆ ನಿಧಾನ. ಅದನ್ನು ಹೊರಗಿನಿಂದಲೇ ಜೋಡಿಸಿ ಕಳುಹಿಸೋಣವೆಂದರೆ ವಿದ್ಯುದಾವಿಷ್ಟವಾದ ಫಾಸ್ಫೇಟನ್ನು ಕೋಶದ ಪೊರೆ ಒಳಬಿಡದು. ಕಾರ್ಡಿಫ್‌ನ ಕ್ರಿಸ್ ಮೆಕ್‌ಗ್ವಿಗನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಬೆಳೆಸಿದ ಪ್ರೋಟೈಡ್ ವಿಧಾನದಲ್ಲಿ ಈ ಫಾಸ್ಫೇಟಿನ ಒಂದು ತೋಳಿಗೆ ಫಿನಾಲ್, ಇನ್ನೊಂದಕ್ಕೆ ಅಮೈನೋ ಆಮ್ಲದ ಎಸ್ಟರನ್ನು ತೊಡಿಸಲಾಯಿತು. ಪೊರೆ ದಾಟಿದ ನಂತರ ಕೋಶದ ಕಿಣ್ವವೊಂದು ಎಸ್ಟರನ್ನು ಕತ್ತರಿಸುತ್ತದೆ. ಫಿನಾಲ್ ತಾನಾಗಿ ಉದುರುತ್ತದೆ. ಇನ್ನೊಂದು ಕಿಣ್ವ ಅಮೈನೋ ಆಮ್ಲವನ್ನು ಬಿಡಿಸುತ್ತದೆ. 1884ರಲ್ಲಿ ನಾಟಕ ಕಂಪನಿಯೊಂದು ಹುಟ್ಟಿದ ಗುಬ್ಬಿಯ ಜನರಿಗೆ ವೇಷದ ಮಹಿಮೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಆದರೆ ಅಲ್ಲಿ ವೇಷ ತೊಟ್ಟ ಮೇಲೆ ಆಟ, ಇಲ್ಲಿ ಕಳಚಿದ ಮೇಲೆ.

ವೇಷ ಎಲ್ಲಿ ಕಳಚುತ್ತದೆ ಎಂಬುದೇ ಈ ಚರಿತ್ರೆಯ ನಿರ್ಣಾಯಕ ಅಂಶ. ಅದನ್ನು ಬಿಡಿಸುವ ಕಿಣ್ವಗಳು ಯಕೃತ್ತಿನಲ್ಲಿ ಹೇರಳ. 2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅಂಗೀಕೃತವಾದ ಸೊಫೋಸ್ಬುವಿರ್‌ಗೆ ಇದು ವರವಾಯಿತು. ಅದು ತಡೆಯಬೇಕಾದ ಹೆಪಟೈಟಿಸ್-ಸಿ ವೈರಸ್ಸಿನ ನೆಲೆ ಯಕೃತ್ತೇ. ಮಾತ್ರೆ ಕರುಳಿನಿಂದ ನೇರವಾಗಿ ತಲುಪಬೇಕಾದ ಸ್ಥಳ ತಲುಪಿತು. 2014ರ ಸೆಪ್ಟೆಂಬರ್‌ನಲ್ಲಿ ಅದರ ತಯಾರಿಕೆಗೆ ಪರವಾನಗಿ ಪಡೆದ ಭಾರತೀಯ ಕಂಪನಿಗಳಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಒಂದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಮಾತ್ರೆ ಸರ್ಕಾರಿ ಚಿಕಿತ್ಸೆಯ ಅಂಗವಾಗಿ ಉಚಿತವಾಯಿತು.

ರೆಮ್‌ಡೆಸಿವಿರ್‌ಗಾದರೋ ಅದೇ ಗುಣ ಅಡ್ಡಿಯಾಯಿತು. ನುಂಗಿದರೆ ಯಕೃತ್ತೇ ಅದನ್ನು ಬಹುಮಟ್ಟಿಗೆ ಮುಗಿಸಿಬಿಡುವುದರಿಂದ ಶ್ವಾಸಕೋಶಕ್ಕೆ ಉಳಿಯುವುದು ಅತ್ಯಲ್ಪ. ಆದ್ದರಿಂದಲೇ ಅದು ರಕ್ತನಾಳದ ಮೂಲಕವೇ ಹೋಗಬೇಕಾಯಿತು: ಮೊದಲ ದಿನ 200 ಮಿಲಿಗ್ರಾಂ, ಮುಂದೆ ದಿನಕ್ಕೆ 100, ಸಾಮಾನ್ಯವಾಗಿ ಐದು ದಿನ. ಅದಕ್ಕೆ ಹಾಸಿಗೆ ಬೇಕು, ದಾದಿ ಬೇಕು, ನಿಗಾ ಬೇಕು. ಸೋಂಕಿನ ಆರಂಭದ ದಿನಗಳಲ್ಲಿ ಹೆಚ್ಚು ಉಪಯುಕ್ತವಾಗಬಹುದಾದ ಔಷಧ, ರೋಗ ಉಲ್ಬಣಿಸಿ ಆಸ್ಪತ್ರೆ ಸೇರಿದವರಿಗೇ ಬಹುತೇಕ ಮೀಸಲಾಯಿತು. ಕುಣಿಗಲ್ ಅಥವಾ ಗುಬ್ಬಿಯ ಹಳ್ಳಿಯೊಂದರ ರೋಗಿಗೂ ಈ ಔಷಧಕ್ಕೂ ನಡುವೆ ಇದ್ದ ದೂರವನ್ನು ಸರಬರಾಜಿನ ಲೆಕ್ಕದಲ್ಲಿ ಮಾತ್ರ ಅಳೆಯುವುದು ಸಾಲದು.

ಸರಬರಾಜಿನ ಕಥೆಯೂ ಕರ್ನಾಟಕದ್ದೇ. 2020ರ ಮೇ ತಿಂಗಳಲ್ಲಿ ಗಿಲಿಯಡ್ ಸಂಸ್ಥೆ ಪರವಾನಗಿ ನೀಡಿದ ಕಂಪನಿಗಳಲ್ಲಿ ಜುಬಿಲಂಟ್ ಮತ್ತು ಮೈಲಾನ್ ಇದ್ದವು. ಜೂನ್ 1ರಂದು ಭಾರತದ ಔಷಧ ನಿಯಂತ್ರಕರು ತುರ್ತು ಬಳಕೆಗೆ ಸಮ್ಮತಿಸಿದರು. ಮೈಲಾನ್ ಜುಲೈನಲ್ಲಿ 4,800 ರೂಪಾಯಿಗೂ, ಜುಬಿಲಂಟ್ ಆಗಸ್ಟ್‌ನಲ್ಲಿ 4,700 ರೂಪಾಯಿಗೂ ಒಂದು ಸೀಸೆಯನ್ನು ಮಾರುಕಟ್ಟೆಗೆ ತಂದವು. ಜುಬಿಲಂಟ್‌ನ ಮೂಲವಸ್ತು ತಯಾರಾದದ್ದು ನಂಜನಗೂಡಿನಲ್ಲಿ. 2020ರ ಮಾರ್ಚ್ ಕೊನೆಯಲ್ಲಿ ರಾಜ್ಯದ ಮೊದಮೊದಲ ಸೋಂಕು ಸಮೂಹಗಳಲ್ಲೊಂದು ಕಾಣಿಸಿಕೊಂಡದ್ದು ಅಲ್ಲಿನ ನೌಕರರಲ್ಲಿಯೇ ಎಂಬುದು ವಿಧಿಯ ವ್ಯಂಗ್ಯ. ಎರಡನೆಯ ಅಲೆಯಲ್ಲಿ ಬೇಡಿಕೆ ಮಿತಿಮೀರಿದಾಗ 2021ರ ಏಪ್ರಿಲ್ 11ರಂದು ಕೇಂದ್ರ ಸರ್ಕಾರ ರಫ್ತನ್ನು ನಿಷೇಧಿಸಿತು. ಅದೇ ತಿಂಗಳು ರಾಜ್ಯವಾರು ಹಂಚಿಕೆಯೂ ಆರಂಭವಾಯಿತು.

ಇಷ್ಟೆಲ್ಲ ಪರದಾಟಕ್ಕೆ ಔಷಧ ಯೋಗ್ಯವಾಗಿತ್ತೆ? ಅಮೆರಿಕದ ಪ್ರಯೋಗವೊಂದರಲ್ಲಿ ಗುಣಮುಖರಾಗುವ ಅವಧಿ 15 ದಿನಗಳಿಂದ 10ಕ್ಕೆ ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಬಹುರಾಷ್ಟ್ರೀಯ ಪ್ರಯೋಗ ಸಾವಿನ ಪ್ರಮಾಣದಲ್ಲಿ ಗಣನೀಯ ಇಳಿಕೆಯನ್ನು ಕಾಣಲಿಲ್ಲ. 2020ರ ನವೆಂಬರ್‌ನಲ್ಲಿ ಸಂಸ್ಥೆ ಅದರ ಬಳಕೆ ಬೇಡವೆಂದು ಷರತ್ತುಬದ್ಧ ಸಲಹೆಯನ್ನೂ ನೀಡಿತು. 2022ರಲ್ಲಿ ಆ ಸಲಹೆ ಬದಲಾಗಿ, ತೀವ್ರವಲ್ಲದ ಆದರೆ ಅಪಾಯ ಹೆಚ್ಚಿರುವ ರೋಗಿಗಳಿಗೆ ಕೊಡಬಹುದೆಂದಾಯಿತು. ಅಂದರೆ ಔಷಧ ಸಲ್ಲಬೇಕಾದದ್ದು ಆರಂಭದ ಹಂತದವರಿಗೆ. 2021ರ ವಸಂತದಲ್ಲಿ ಜನ ಅದನ್ನು ಹುಡುಕಿದ್ದು ಬಹುಮಟ್ಟಿಗೆ ಕೊನೆಯ ಹಂತದವರಿಗಾಗಿ.

ಈ ವಿನ್ಯಾಸಗಳಿಗೆ ಬೇಕಾದ ರಸಾಯನ ವಿದ್ಯೆ ಈ ನಾಡಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಂ ಅವರ ಪೆಪ್ಟೈಡ್ ಅಧ್ಯಯನಗಳು, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ವಿ. ವಿ. ಸುರೇಶ್ ಬಾಬು ಅವರ ಅಮೈನೋ ಆಮ್ಲ ಸಂಶ್ಲೇಷಣೆಯ ಕಾರ್ಯ ಸುಪರಿಚಿತ. 1963ರಲ್ಲಿ ಸ್ಥಾಪಿತವಾದ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಿಂದಲೂ ಅಮೈನೋ ಆಮ್ಲಜನ್ಯ ಸಂಯುಕ್ತಗಳ ಕುರಿತ ಪ್ರಬಂಧಗಳು ಬಂದಿವೆ. 2004ರಲ್ಲಿ ಆರಂಭವಾದ ತುಮಕೂರು ವಿಶ್ವವಿದ್ಯಾಲಯವೂ ರಸಾಯನಶಾಸ್ತ್ರದ ಸ್ನಾತಕೋತ್ತರ ಅಧ್ಯಯನವನ್ನು ಜಿಲ್ಲಾ ಕೇಂದ್ರದಲ್ಲಿ ನೆಲೆಗೊಳಿಸಿದೆ. ಸಾಂಕ್ರಾಮಿಕದ ವರ್ಷಗಳಲ್ಲಿ ದೇಶದ ಅನೇಕ ವಿಭಾಗಗಳು ಗಣಕಯಂತ್ರದ ಪರದೆಯ ಮೇಲೆ ಅಣುವನ್ನು ವೈರಸ್ಸಿನ ಪ್ರೋಟೀನಿಗೆ ಹೊಂದಿಸಿ ನೋಡುವ ಲೆಕ್ಕಾಚಾರಕ್ಕೆ ತೊಡಗಿದವು. ಆ ಲೆಕ್ಕ ಹೇಳುವುದು ವೇಷ ಕಳಚಿದ ನಂತರದ ಆಟವನ್ನು ಮಾತ್ರ. ವ್ಯಾಲೀನ್ ಗೆದ್ದದ್ದಾಗಲಿ, ರೆಮ್‌ಡೆಸಿವಿರ್ ಮಾತ್ರೆಯಾಗದೆ ಉಳಿದದ್ದಾಗಲಿ ಕರುಳು, ಯಕೃತ್ತು, ರಕ್ತಗಳಲ್ಲಿ ಔಷಧವನ್ನು ಅಳೆದು ನೋಡಿದ ಪ್ರಯೋಗಗಳಿಂದ ತಿಳಿದುಬಂದದ್ದು. ಅಂಥ ಅಳತೆಗೆ ಪ್ರಾಣಿಶಾಲೆ, ವಿಶ್ಲೇಷಣಾ ಯಂತ್ರಗಳು, ಔಷಧಶಾಸ್ತ್ರಜ್ಞರ ಸಹಯೋಗ ಬೇಕು. ಒಂದೇ ರಸಾಯನ ವಿಭಾಗದ ಗೋಡೆಗಳ ನಡುವೆ ಅದು ಸಾಧ್ಯವಾಗುವುದಿಲ್ಲ.