ಅಡಿಕೆ ಕೃಷಿಕ ಕುಟುಂಬದ ಮನೆಖರ್ಚಿನ ನಿರ್ವಹಣೆ: ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಿಗೆ ಸೂಕ್ತ ಕ್ರಮಗಳು

ಪೀಠಿಕೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಕೃಷಿಕ ಕುಟುಂಬಗಳ ಜೀವನಾಧಾರ ಬಹುಮಟ್ಟಿಗೆ ಅಡಿಕೆಯೇ ಆಗಿದೆ. ಕಾಳುಮೆಣಸು, ಕೊಕ್ಕೊ, ತೆಂಗು, ಗೇರು, ರಬ್ಬರ್ ಮತ್ತು ಹೈನುಗಾರಿಕೆ ಇದಕ್ಕೆ ಪೂರಕವಾಗಿವೆ. ಅಡಿಕೆಯ ಕೊಯ್ಲು ಸಾಮಾನ್ಯವಾಗಿ ನವೆಂಬರಿನಿಂದ ಬೇಸಿಗೆಯವರೆಗೆ ಮೂರು ನಾಲ್ಕು ಬಾರಿ ನಡೆಯುತ್ತದೆ. ಮನೆಯ ಖರ್ಚಾದರೋ ವರ್ಷದ 365 ದಿನವೂ ಇರುತ್ತದೆ. ಸಂಬಳದಾರನ ಮನೆಗೆ ಹೇಳುವ ತಿಂಗಳ ಆಯವ್ಯಯದ ಸೂತ್ರಗಳು ಇಲ್ಲಿ ಹಾಗೆಯೇ ಅನ್ವಯವಾಗದಿರುವುದು ಈ ಕಾರಣದಿಂದಲೇ. ಒಳ್ಳೆಯ ಫಸಲು ಮತ್ತು ಒಳ್ಳೆಯ ಧಾರಣೆ ಇದ್ದ ವರ್ಷವೂ ಆಟಿ ತಿಂಗಳಲ್ಲಿ ಕೈಸಾಲ ಮಾಡುವ ಮನೆಗಳಿವೆ. ಅಂಥಲ್ಲಿ ಕೊರತೆ ಇರುವುದು ಆದಾಯದಲ್ಲಲ್ಲ. ಹಣ ಬರುವ ಕಾಲಕ್ಕೂ ಹೋಗುವ ಕಾಲಕ್ಕೂ ಹೊಂದಿಕೆ ಮಾಡುವ ಅಭ್ಯಾಸದಲ್ಲಿ.

ಅಟ್ಟದಲ್ಲಿರುವ ಅಡಿಕೆ

ಹಣ್ಣಡಿಕೆಯನ್ನು ಸುಮಾರು 40 ದಿನ ಬಿಸಿಲಿಗೆ ಒಣಗಿಸಿ ಸುಲಿದ ಚಾಲಿಯನ್ನು ವರ್ಷಗಟ್ಟಲೆ ಕಾಪಿಡಬಹುದು. ಹೀಗಾಗಿ ಅಟ್ಟದಲ್ಲಿರುವ ಅಡಿಕೆ ಈ ಭಾಗದ ಮನೆಗಳಿಗೆ ಉಳಿತಾಯ ಖಾತೆಯಂತೆ ಒದಗಿಬಂದಿದೆ. ಬೇರೆ ಬೆಳೆಗಾರರಿಗೆ ಸುಲಭವಾಗಿ ದೊರೆಯದ ಅನುಕೂಲವಿದು. ಆದರೆ ಇದೇ ಅನುಕೂಲ ಒಂದು ದುರಭ್ಯಾಸಕ್ಕೂ ಎಡೆಮಾಡುತ್ತದೆ. ಹಣ ಬೇಕೆನಿಸಿದಾಗಲೆಲ್ಲ ಅರ್ಧ ಗೋಣಿ, ಒಂದು ಗೋಣಿ ಅಡಿಕೆಯನ್ನು ಪೇಟೆಗೆ ಒಯ್ಯುವುದು, ಅದರಿಂದ ಬಂದ ನೋಟುಗಳನ್ನು ಅದೇ ದಿನ ದಿನಸಿ, ಗೊಬ್ಬರ, ಪೆಟ್ರೋಲುಗಳಿಗೆ ಹಂಚಿ ಬರಿಗೈಯಲ್ಲಿ ಮರಳುವುದು. ವರ್ಷದ ಕೊನೆಯಲ್ಲಿ ಎಷ್ಟು ಮಾರಿದೆವು, ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂಬುದು ಮನೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ.

ಇಂಥ ಅವಸರದ ಮಾರಾಟದ ನಷ್ಟವನ್ನು ಲೆಕ್ಕ ಹಾಕಿ ನೋಡಬೇಕು. ಪಟೋರ, ಉಳ್ಳಿ, ಕರಿಗೋಟುಗಳನ್ನು ಬೇರ್ಪಡಿಸದೆ ಮಾರಿದಾಗ ಒಳ್ಳೆಯ ಅಡಿಕೆಗೂ ಕಡಿಮೆ ದರವೇ ಸಿಗುತ್ತದೆ. ಕಿಲೋ ಒಂದಕ್ಕೆ 15 ರೂಪಾಯಿ ಕಡಿಮೆಯಾಯಿತೆಂದು ಇಟ್ಟುಕೊಂಡರೂ 15 ಕ್ವಿಂಟಾಲಿಗೆ 22,500 ರೂಪಾಯಿ ಕೈಬಿಟ್ಟಂತಾಯಿತು. ಮಧ್ಯಮ ವರ್ಗದ ಕೃಷಿಕ ಮನೆಯ ಒಂದು ತಿಂಗಳ ಖರ್ಚಿಗೆ ಇದು ಸಮ. ವಾರಕ್ಕೊಮ್ಮೆ ರಿಕ್ಷಾ ಮಾಡಿ ಒಯ್ದ ಬಾಡಿಗೆ ಇದರಲ್ಲಿ ಸೇರಿಲ್ಲ.

ಮನೆಗೆ ಸಂಬಳ ನಿಗದಿ

ತೋಟ ಮತ್ತು ಮನೆ ಎರಡರ ಲೆಕ್ಕವನ್ನೂ ಬೇರ್ಪಡಿಸುವುದು ಮೊದಲ ಹೆಜ್ಜೆ. ತೋಟವನ್ನು ಒಂದು ಉದ್ದಿಮೆಯೆಂದು ಭಾವಿಸಿ, ಅದು ಮನೆಗೆ ಪ್ರತಿ ತಿಂಗಳು ನಿಶ್ಚಿತ ಮೊತ್ತವನ್ನು ಸಂಬಳದಂತೆ ಕೊಡುವ ವ್ಯವಸ್ಥೆ ಮಾಡಿಕೊಳ್ಳಬೇಕು. ಉದಾಹರಣೆಗೆ, ವರ್ಷಕ್ಕೆ 15 ಕ್ವಿಂಟಾಲ್ ಚಾಲಿ ದೊರೆಯುವ ಕುಟುಂಬವೊಂದನ್ನು ಪರಿಗಣಿಸೋಣ. ಲೆಕ್ಕದ ಅನುಕೂಲಕ್ಕಾಗಿ ಕಿಲೋಗೆ 400 ರೂಪಾಯಿ ಹಿಡಿದರೆ ಒಟ್ಟು ಆದಾಯ 6,00,000 ರೂಪಾಯಿ. ಇದರಲ್ಲಿ ಕೊಯ್ಲು, ಸುಲಿತ, ಗೊಬ್ಬರ, ಔಷಧ ಸಿಂಪಡಣೆ, ನೀರಾವರಿಗಳಿಗೆ 2,50,000, ಸಾಲದ ಕಂತಿಗೆ 80,000, ಆಪದ್ಧನಕ್ಕೆ ಹತ್ತನೆಯ ಒಂದು ಭಾಗವಾದ 60,000 ರೂಪಾಯಿಗಳನ್ನು ತೆಗೆದಿರಿಸಿದರೆ ಉಳಿಯುವುದು 2,10,000. ಅಂದರೆ ಮನೆಗೆ ತಿಂಗಳಿಗೆ 17,500 ರೂಪಾಯಿ.

ಈ ಅಂಕಿಗಳು ಪ್ರತಿ ಮನೆಯಲ್ಲೂ ಬೇರೆಯಾಗುತ್ತವೆ. ಗಮನಿಸಬೇಕಾದ ಅಂಶವೇನೆಂದರೆ, 6 ಲಕ್ಷದ ಆದಾಯವೆಂದು ಮಾತನಾಡುವ ಮನೆಯವರು ಮನಸ್ಸಿನಲ್ಲಿ ತಿಂಗಳಿಗೆ 50,000 ರೂಪಾಯಿಯ ಅಂದಾಜಿನಲ್ಲಿ ಖರ್ಚು ಮಾಡುತ್ತಿರುತ್ತಾರೆ. ಧಾರಣೆ ಏರಿದ ವರ್ಷವೂ ಸಂಬಳವನ್ನು ಏರಿಸದೆ, ಹೆಚ್ಚುವರಿಯನ್ನು ಆಪದ್ಧನಕ್ಕೆ ಅಥವಾ ಸಾಲದ ಅಸಲಿಗೆ ಜಮಾ ಮಾಡುವುದು ಸೂಕ್ತ. ಅಡಿಕೆಯ ಧಾರಣೆ ಒಂದೇ ಸಮ ನಿಲ್ಲುವಂಥದ್ದಲ್ಲ. 1970ರ ದಶಕದ ಆರಂಭದಲ್ಲಿ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟ ಹಿನ್ನೆಲೆಯಲ್ಲಿಯೇ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಯಿತು. ಸಹಕಾರಿ ಸಂಸ್ಥೆ ಮಾರುಕಟ್ಟೆಗೆ ಆಸರೆ ನೀಡಬಲ್ಲದು. ಮನೆಯ ಪುಸ್ತಕ ಬರೆದುಕೊಡಲಾರದು.

ದಿನದ ಪುಸ್ತಕ

ಲೆಕ್ಕದ ಪುಸ್ತಕ ಸರಳವಾಗಿದ್ದಷ್ಟೂ ಬಾಳಿಕೆ ಹೆಚ್ಚು. ನೂರು ಪುಟದ ಒಂದು ನೋಟುಪುಸ್ತಕ, ಅದಕ್ಕೆ ಕಟ್ಟಿದ ಪೆನ್ನು, ಅಡಿಗೆಮನೆಯ ಬಾಗಿಲ ಬಳಿ ಒಂದು ಮೊಳೆ. ಇಷ್ಟು ಸಾಕು. ಮೊಬೈಲಿನ ಆ್ಯಪ್‌ಗಳೂ ಇವೆ. ಆದರೆ ಅವು ಒಬ್ಬರ ಕಿಸೆಯಲ್ಲಿರುತ್ತವೆ, ಪುಸ್ತಕ ಎಲ್ಲರ ಕಣ್ಣಿಗೂ ಬೀಳುತ್ತದೆ. ರಾತ್ರಿ ಊಟಕ್ಕೆ ಮೊದಲು ಅಂದಿನ ಖರ್ಚನ್ನು ಬರೆಯಬೇಕು. ಫೋನಿನ ಮೂಲಕ ಪಾವತಿಸಿದ ಸಣ್ಣ ಮೊತ್ತಗಳನ್ನು ಮರೆಯದೆ ಸೇರಿಸಬೇಕು. ನೋಟು ಎಣಿಸಿ ಕೊಡುವಾಗ ಆಗುವ ಹಿಂಜರಿಕೆ ಅಲ್ಲಿ ಇರುವುದಿಲ್ಲವಾದ್ದರಿಂದ ಇಂದು ಹೆಚ್ಚಿನ ಸೋರಿಕೆ ಆಗುತ್ತಿರುವುದು ಅಲ್ಲಿಯೇ. ಪೇಟೆಗೆ ಹೋದಾಗಲೆಲ್ಲ ಬೇಕರಿಯ ಕಟ್ಟು ತರುವ ರೂಢಿ ದಿನಕ್ಕೆ ಸರಾಸರಿ 60 ರೂಪಾಯಿ ಆದರೂ ವರ್ಷಕ್ಕೆ 21,900 ಆಗುತ್ತದೆ.

ಪುಸ್ತಕವನ್ನು ಮನೆಯ ಮಹಿಳೆಯರೇ ಬರೆಯುವುದು ಉತ್ತಮ ಎಂಬುದು ನಮ್ಮ ಅಭಿಪ್ರಾಯ. ಆದರೆ ಅಡಿಕೆ ಯಾವ ದರಕ್ಕೆ ಹೋಯಿತು, ಸಂಘದಲ್ಲಿ ಸಾಲ ಎಷ್ಟಿದೆ ಎಂಬುದನ್ನು ಅವರಿಗೆ ತಿಳಿಸದೆ ಖರ್ಚು ಮಾತ್ರ ಬರೆಯಿರಿ ಎಂದರೆ ಅದು ಲೆಕ್ಕವಾಗುವುದಿಲ್ಲ, ಕಾವಲಾಗುತ್ತದೆ. ಎಡಪುಟದಲ್ಲಿ ಬಂದದ್ದು, ಬಲಪುಟದಲ್ಲಿ ಹೋದದ್ದು, ಎರಡೂ ಒಂದೇ ಪುಸ್ತಕದಲ್ಲಿರಬೇಕು.

ಖರ್ಚಿನ ಪಂಚಾಂಗ

ಮನೆಯ ದೊಡ್ಡ ಖರ್ಚುಗಳಲ್ಲಿ ಹಠಾತ್ತಾಗಿ ಬರುವುವು ಕಡಿಮೆ. ಜೂನ್ ತಿಂಗಳಲ್ಲಿ ಮಕ್ಕಳ ಶಾಲೆಯ ಶುಲ್ಕ, ಪುಸ್ತಕ, ಕೊಡೆಗಳಿಗೆ ಹಣ ಬೇಕು. ಅದೇ ಸಮಯದಲ್ಲಿ ಕೊಳೆರೋಗಕ್ಕೆ ಮುನ್ನೆಚ್ಚರಿಕೆಯ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆಯೂ ಬರುತ್ತದೆ. ಸುಮಾರು 40ರಿಂದ 45 ದಿನಗಳ ನಂತರ ಎರಡನೆಯ ಸಿಂಪಡಣೆ. ಆಗ ರಬ್ಬರ್ ಟ್ಯಾಪಿಂಗ್ ಅನೇಕ ತೋಟಗಳಲ್ಲಿ ನಿಂತಿರುತ್ತದೆ, ಅಡಿಕೆಯ ಕೊಯ್ಲಿಗೆ ಇನ್ನೂ ತಿಂಗಳುಗಳಿರುತ್ತವೆ. ಆಟಿಯನ್ನು ಕಷ್ಟದ ತಿಂಗಳೆಂದು ಹಿರಿಯರು ಕರೆದದ್ದು ಸುಮ್ಮನೆ ಅಲ್ಲ. ಬೇಸಿಗೆಯಲ್ಲಿಯೇ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ, ಹಪ್ಪಳ ಒಣಗಿಸಿ, ಸೌತೆಕಾಯಿಯನ್ನು ಮಾಡಿನಡಿ ಕಟ್ಟಿ ತೂಗಿಸಿ, ಪುನರ್ಪುಳಿಯ ಸಿಪ್ಪೆ ತುಂಬಿಟ್ಟು ಅವರು ಆ ತಿಂಗಳನ್ನು ಎದುರಿಸುತ್ತಿದ್ದರು. ಹಣದ ವಿಷಯದಲ್ಲಿಯೂ ಇದನ್ನೇ ಮಾಡಬೇಕಾಗಿದೆ. ಮೇ ತಿಂಗಳ ಮಾರಾಟದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳ ಸಂಬಳ ಮತ್ತು ಎರಡು ಸಿಂಪಡಣೆಯ ವೆಚ್ಚವನ್ನು ಬ್ಯಾಂಕಿನ ಪ್ರತ್ಯೇಕ ಖಾತೆಗೆ ಹಾಕಿಡಬೇಕು.

ಸಿಂಪಡಣೆಯ ಹಣವನ್ನು ಯಾವ ಕಾರಣಕ್ಕೂ ಮನೆಖರ್ಚಿಗೆ ಮುಟ್ಟಬಾರದು. 100 ಲೀಟರ್ ದ್ರಾವಣಕ್ಕೆ ಬೇಕಾಗುವ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣಗಳ ಬೆಲೆಗಿಂತ ಕೂಲಿಯೇ ಹೆಚ್ಚೆಂಬುದು ನಿಜ. ಆದರೆ ಸಕಾಲದಲ್ಲಿ ಮದ್ದು ಬಿಡದೆ ಕೊಳೆ ಬಂದರೆ ಮುಂದಿನ ವರ್ಷದ ಸಂಬಳವೇ ಉದುರಿದಂತೆ. 2013ರ ಮಳೆಗಾಲವನ್ನು ಈ ಭಾಗದ ಬೆಳೆಗಾರರು ಮರೆತಿರಲಾರರು. ನೆರೆಯ ನಾಲ್ಕಾರು ತೋಟದವರು ಸೇರಿ ಮದ್ದು ಬಿಡುವವರನ್ನು ಒಟ್ಟಿಗೆ ಗೊತ್ತುಮಾಡಿಕೊಂಡರೆ ದಿನ ತಪ್ಪುವುದಿಲ್ಲ.

ಮಳೆಗಾಲದ ನಂತರ ಹಬ್ಬಗಳು, ಆಮೇಲೆ ಮದುವೆ, ಗೃಹಪ್ರವೇಶ, ನೇಮ, ಜಾತ್ರೆಗಳ ಕಾಲ. ಚಂಪಾಷಷ್ಠಿಯ ಕುಕ್ಕೆಯಿಂದ ಏಪ್ರಿಲ್ ತಿಂಗಳ ಪುತ್ತೂರು ಜಾತ್ರೆಯವರೆಗೆ ಸಾಲುಸಾಲು. ಉಡುಗೊರೆ, ದೇಣಿಗೆ, ಹರಕೆಗಳನ್ನು ದುಂದು ಎಂದು ಕರೆಯುವುದು ಸರಿಯಲ್ಲ. ಹಳ್ಳಿಯ ಬದುಕಿನಲ್ಲಿ ಅವು ಪರಸ್ಪರ ಆಸರೆಯ ಕಂತುಗಳು. ಆದರೆ ಅವಕ್ಕೆ ಪುಸ್ತಕದಲ್ಲಿ ಒಂದು ಕಲಮು ಇರಬೇಕು, ವರ್ಷಾರಂಭದಲ್ಲಿಯೇ ಅದಕ್ಕೊಂದು ಮಿತಿ ಇರಬೇಕು. ಮಗಳ ಮದುವೆಗೆ ತೋಟ ಅಡವಿಟ್ಟ ಮನೆಯಲ್ಲಿ ಮರುವರ್ಷ ಗೊಬ್ಬರಕ್ಕೆ ಹಣವಿರುವುದಿಲ್ಲ. ಗೊಬ್ಬರ ಬೀಳದ ತೋಟ ಮೂರನೆಯ ವರ್ಷ ಏನು ಕೊಡುತ್ತದೆಂಬುದನ್ನು ಕೃಷಿಕರಿಗೆ ವಿವರಿಸಬೇಕಾಗಿಲ್ಲ.

ಸಾಲದ ನಿಜವಾದ ಬಡ್ಡಿ

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಬೆಳೆಸಾಲಕ್ಕೆ ರಾಜ್ಯ ಸರ್ಕಾರದ ಬಡ್ಡಿ ಸಹಾಯಧನ ದೊರೆಯಬೇಕಾದರೆ ಗಡುವಿನೊಳಗೆ ಮರುಪಾವತಿ ಮಾಡಿರಬೇಕು. ಗಡುವಿನ ವಾರದಲ್ಲಿ ಹಣ ಹೊಂದಿಸಲು ಕೈಸಾಲ ಮಾಡುವವರು, ಅಗ್ಗದ ಸಾಲವನ್ನು ಉಳಿಸಿಕೊಳ್ಳಲು ದುಬಾರಿ ಬಡ್ಡಿ ತೆರುತ್ತಾರೆ. ಗಡುವಿಗೆ ಎರಡು ತಿಂಗಳು ಮೊದಲೇ ಅದಕ್ಕೆಂದು ಅಡಿಕೆಯನ್ನು ವಿಂಗಡಿಸಿ ಮಾರಿಡುವುದು ಸುಲಭ ಪರಿಹಾರ.

ವಾರದ ಅಥವಾ ತಿಂಗಳ ಕಂತಿನ ಸಾಲಗಳಲ್ಲಿ ಹೇಳಿದ ಬಡ್ಡಿದರಕ್ಕಿಂತ ಅದನ್ನು ಲೆಕ್ಕ ಹಾಕುವ ಕ್ರಮ ಮುಖ್ಯ. 50,000 ರೂಪಾಯಿಗೆ ಶೇಕಡಾ 12ರಂತೆ ಪೂರ್ತಿ ಮೊತ್ತದ ಮೇಲೆ ಒಂದು ವರ್ಷದ ಬಡ್ಡಿ 6,000 ಹಿಡಿದು, 56,000 ರೂಪಾಯಿಯನ್ನು 12 ಕಂತುಗಳಲ್ಲಿ ಕಟ್ಟಿಸಿಕೊಂಡರೆ, ಅಸಲು ತಿಂಗಳು ತಿಂಗಳೂ ಕರಗುವುದರಿಂದ ವರ್ಷದುದ್ದಕ್ಕೂ ನಮ್ಮ ಕೈಯಲ್ಲಿರುವ ಸರಾಸರಿ ಹಣ ಸುಮಾರು 27,000 ಮಾತ್ರ. ಆ ಹಣಕ್ಕೆ 6,000 ಎಂದರೆ ನಿಜವಾದ ಬಡ್ಡಿ ಶೇಕಡಾ 22ರ ಸಮೀಪ. ಸಹಿ ಹಾಕುವ ಮೊದಲು ಬಡ್ಡಿ ಇಳಿಕೆಯ ಬಾಕಿಯ ಮೇಲೋ ಪೂರ್ತಿ ಮೊತ್ತದ ಮೇಲೋ ಎಂದು ಕೇಳಬೇಕು. ಒಂದು ಗುಂಪಿನ ಕಂತು ಕಟ್ಟಲು ಇನ್ನೊಂದು ಗುಂಪಿನಲ್ಲಿ ಸಾಲ ಪಡೆಯುತ್ತಿದ್ದರೆ ಅದು ಅಪಾಯದ ಸೂಚನೆ. ಅಂದೇ ಮನೆಯವರೆಲ್ಲ ಕುಳಿತು ಒಟ್ಟು ಬಾಕಿಯ ಪಟ್ಟಿ ಮಾಡಬೇಕು.

ಹಳದಿ ಎಲೆ ರೋಗ ಬಾಧಿತ ಪ್ರದೇಶಗಳಲ್ಲಿ

ಸುಳ್ಯ ತಾಲ್ಲೂಕಿನ ಸಂಪಾಜೆ, ಅರಂತೋಡು, ಮರ್ಕಂಜ ಮುಂತಾದ ಕಡೆಗಳಲ್ಲಿ ಮೇಲಿನ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ಹಳದಿ ಎಲೆ ರೋಗದಿಂದ ಇಳುವರಿ ವರ್ಷದಿಂದ ವರ್ಷಕ್ಕೆ ಇಳಿಯುವುದರಿಂದ ಮನೆಖರ್ಚು ಹಳೆಯ ಫಸಲಿನ ಅಳತೆಯಲ್ಲೇ ಉಳಿದು, ವ್ಯತ್ಯಾಸವನ್ನು ಸಾಲ ತುಂಬುತ್ತದೆ. ಇಂಥ ಕುಟುಂಬಗಳು ಕಳೆದ ಮೂರು ವರ್ಷಗಳಲ್ಲಿ ಅತಿ ಕಡಿಮೆ ಫಸಲು ಬಂದ ವರ್ಷವನ್ನೇ ಆಧಾರವಾಗಿಟ್ಟುಕೊಂಡು ಸಂಬಳ ನಿಗದಿಪಡಿಸಬೇಕು. ಹಾಲು, ಕಾಳುಮೆಣಸು, ರಬ್ಬರ್‌ನಂಥ ಬೇರೆ ಮೂಲದ ಹಣವನ್ನು ದಿನಸಿಗೆ ಮೀಸಲಿಟ್ಟು, ಅಡಿಕೆಯ ಹಣವನ್ನು ಸಾಲ ತೀರುವಳಿ ಮತ್ತು ಪರ್ಯಾಯ ಬೆಳೆಗೆ ಬಳಸುವುದು ಸೂಕ್ತ. ತೋಟ ಸೊರಗುತ್ತಿರುವುದನ್ನು ಮಕ್ಕಳಿಂದ ಮುಚ್ಚಿಡುವ ತಂದೆತಾಯಂದಿರು ಅನೇಕರಿದ್ದಾರೆ. ಕಾಲೇಜಿಗೆ ಹೋಗುವ ವಯಸ್ಸಿನ ಮಕ್ಕಳು ಪುಸ್ತಕ ನೋಡಿದರೆ ತಮ್ಮ ಬೇಡಿಕೆಯನ್ನು ತಾವೇ ತೂಗಿಕೊಳ್ಳುವುದನ್ನು ಕಾಣಬಹುದು.

ವಿಸ್ತರಣಾ ಕಾರ್ಯಕರ್ತರಿಗೆ

ಸ್ತ್ರೀಶಕ್ತಿ ಮತ್ತು ಇತರ ಸ್ವಸಹಾಯ ಗುಂಪುಗಳ ಸಭೆಗಳಲ್ಲಿ ಈ ವಿಷಯವನ್ನು ಚರ್ಚಿಸುವಾಗ ಯಾರ ಮನೆಯ ಸಾಲವನ್ನೂ ಬಹಿರಂಗವಾಗಿ ಕೇಳಬಾರದು. ಕಲ್ಪಿತ ಮನೆಯೊಂದರ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತುಂಬಿಸಲು ಹೇಳಿದರೆ ಸದಸ್ಯರು ತಮ್ಮ ಮನೆಯ ಅಂಕಿಗಳನ್ನು ತಾವಾಗಿಯೇ ಹೋಲಿಸಿಕೊಳ್ಳುತ್ತಾರೆ. ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಅಡಿಕೆ, ಕಾಳುಮೆಣಸುಗಳಿಗೆ ರೈತರ ಪಾಲಿನ ಕಂತು ವಿಮಾ ಮೊತ್ತದ ಶೇಕಡಾ 5 ಆಗಿರುತ್ತದೆ. ನೋಂದಣಿಯ ಕೊನೆಯ ದಿನಾಂಕವನ್ನು ಮುಂಗಾರಿನ ಆರಂಭದ ಸಭೆಯಲ್ಲಿಯೇ ತಿಳಿಸಿ, ಆ ಮೊತ್ತವನ್ನು ಜೂನ್ ತಿಂಗಳ ಖರ್ಚಿನಲ್ಲಿ ಬರೆಸಬೇಕು. ಪುಸ್ತಕ ಆರಂಭಿಸಲು ಹೊಸ ವರ್ಷವನ್ನು ಕಾಯುವ ಅಗತ್ಯವಿಲ್ಲ. ಮೊದಲ ಕೊಯ್ಲಿನ ಅಡಿಕೆ ಅಂಗಳದಲ್ಲಿ ಒಣಗುತ್ತಿರುವಾಗ ಶುರುಮಾಡಿದರೆ ಅದು ಸುಲಿದು ಮಾರಾಟಕ್ಕೆ ಸಿದ್ಧವಾಗುವಷ್ಟರಲ್ಲಿ ಒಂದು ತಿಂಗಳ ಖರ್ಚಿನ ನಿಜವಾದ ಅಂಕಿ ಕೈಯಲ್ಲಿರುತ್ತದೆ. ಬೆಳೆಸಾಲ, ವಿಮೆ ಮತ್ತು ಸಹಾಯಧನಗಳ ಸದ್ಯದ ನಿಯಮಗಳಿಗಾಗಿ ತಮ್ಮ ವ್ಯಾಪ್ತಿಯ ಸಹಕಾರ ಸಂಘ, ರೈತ ಸಂಪರ್ಕ ಕೇಂದ್ರ ಅಥವಾ ತಾಲ್ಲೂಕು ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.